ದೊಡ್ಡಪ್ಪನ 88ರ ಎಜ್ಡಿ ರೋಡ್‌ಕಿಂಗ್: ಮೈಮೇಲೆಲ್ಲ ಬೇರೆ ಗಾಡಿಗಳ ಪಾರ್ಟ್ಸ್, ಕೈಯಲ್ಲಿ 15 ಸಾವಿರ. ಏನು ಮಾಡಬಹುದು?

ಅರಸೀಕೆರೆ ಸವಾರ

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪ 1988ರಲ್ಲಿ ತೆಗೆದುಕೊಂಡಿದ್ದ ಎಜ್ಡಿ ರೋಡ್‌ಕಿಂಗ್ ಬೈಕ್ ಈಗ ನನ್ನ ಕೈಗೆ ಬಂದಿದೆ. ಇಪ್ಪತ್ತು ವರ್ಷ ಡೇರಿಗೆ ಹಾಲಿನ ಕ್ಯಾನ್ ಹೊತ್ತ ಗಾಡಿ ಇದು. ಇಂಜಿನ್ ಗಟ್ಟಿ ಇದೆ, ಎರಡನೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತದೆ. ತೊಂದರೆ ಇರೋದು ನೋಟದಲ್ಲಿ. ಯಾವುದೇ ಭಾಗ ಮುರಿದರೂ ಆ ಹೊತ್ತಿಗೆ ಏನು ಸಿಕ್ಕಿತೋ ಅದನ್ನೇ ಹಾಕಿ ಓಡಿಸಿದ್ದಾರೆ. ಮುಂದಿನ ಮಡ್‌ಗಾರ್ಡ್ ಬುಲೆಟ್‌ದು. ಹೆಡ್‌ಲೈಟ್ ಡೂಮ್ (ದೀಪ ಕೂರೋ ಬುರುಡೆ) ಯಾವ ಗಾಡಿಯದು ಅಂತ ಮೆಕ್ಯಾನಿಕ್‌ಗೂ ಗೊತ್ತಾಗಲಿಲ್ಲ. ಇಂಡಿಕೇಟರ್ ಮುಂದೆ ದುಂಡಗೆ, ಹಿಂದೆ ಚೌಕ. ಟ್ಯಾಂಕ್ ಕೆಂಪು, ಒಂದು ಸೈಡ್ ಬಾಕ್ಸ್ ಕಪ್ಪು, ಇನ್ನೊಂದು ನೀಲಿ. ಎಡಗಡೆ ಸೈಲೆನ್ಸರ್ ಕ್ರೋಮ್, ಬಲಗಡೆಯದಕ್ಕೆ ಕಪ್ಪು ಬಳಿದಿದ್ದಾರೆ, ಉದ್ದದಲ್ಲೂ ಎರಡು ಬೆರಳು ಹೆಚ್ಚುಕಮ್ಮಿ. ಕ್ಯಾನ್ ನೇತುಹಾಕೋಕೆ ಹಿಂದೆ ಎರಡೂ ಕಡೆ ಕಬ್ಬಿಣದ ಆ್ಯಂಗಲ್ ವೆಲ್ಡ್ ಮಾಡಿಸಿದ್ದಾರೆ.

ಪೂರ್ತಿ ರಿಸ್ಟೋರ್ ಮಾಡಿಸೋಕೆ ಬೆಂಗಳೂರಿನಲ್ಲಿ ಕೇಳಿದೆ. ಹೇಳಿದ ರೇಟು ನನ್ನ ಕೈಗೆ ಎಟುಕೋದಲ್ಲ. ನನ್ನ ಹತ್ತಿರ ಇರೋದು 15 ಸಾವಿರ. ಹೊಸದರ ಥರ ಕಾಣಬೇಕು ಅಂತ ಆಸೆ ಇಲ್ಲ. ಒಂದೇ ಗಾಡಿ ಅಂತ ಕಂಡರೆ ಸಾಕು. ಜುಲೈ ಎರಡನೇ ಭಾನುವಾರ, ಈ ಗಾಡಿಗಳ ಅಭಿಮಾನಿಗಳು ಸೇರೋ ಜಾವಾ ಎಜ್ಡಿ ದಿನಕ್ಕೆ ದೊಡ್ಡಪ್ಪನನ್ನು ಹಿಂದೆ ಕೂರಿಸಿಕೊಂಡು ಹೋಗಬೇಕು ಅಂತಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಯಾದವಗಿರಿ

ಮೊದಲು ಒಂದು ಮಾತು. ಆ ಗಾಡಿಯನ್ನು ಮಾರದೆ ಇಟ್ಟುಕೊಂಡಿದ್ದೀರಲ್ಲ, ತುಂಬ ಸಂತೋಷ ಆಯಿತು. ನಮ್ಮಪ್ಪ ಎಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. 1996ರಲ್ಲಿ ಕಾರ್ಖಾನೆ ಮುಚ್ಚಿದ ಮೇಲೂ ಎಷ್ಟೋ ವರ್ಷ ಬೀದಿಯಲ್ಲಿ ಎಜ್ಡಿ ಸದ್ದು ಕೇಳಿದರೆ ಹೊರಗೆ ಬಂದು ನೋಡುತ್ತಿದ್ದರು.

ಈಗ ಕೆಲಸದ ವಿಷಯ. ಒಂದು ರೂಪಾಯಿಯ ಸಾಮಾನನ್ನೂ ಇನ್ನೂ ಕೊಳ್ಳಬೇಡಿ. ಗಾಡಿಯನ್ನು ಡೀಸೆಲ್, ಹಳೇ ಬ್ರಷ್ ಹಾಕಿ ಚೆನ್ನಾಗಿ ತೊಳೆಯಿರಿ, ಆಮೇಲೆ ಸೋಪಿನ ನೀರು. ಮಣ್ಣು, ಎಣ್ಣೆ, ಹಾಲಿನ ಜಿಡ್ಡು ಎಲ್ಲ ಹೋಗಲಿ. ನಂತರ ಬಯಲಲ್ಲಿ ನಿಲ್ಲಿಸಿ ಹದಿನೈದು ಇಪ್ಪತ್ತು ಅಡಿ ದೂರದಿಂದ, ಸೀಟಿನ ಎತ್ತರಕ್ಕೆ ಫೋನ್ ಹಿಡಿದು ಎರಡೂ ಪಕ್ಕದ ಫೋಟೊ ತೆಗೆಯಿರಿ. ಆ ಫೋಟೊವನ್ನು ಫೋನಿನಲ್ಲೇ ಕಪ್ಪುಬಿಳುಪು ಮಾಡಿ ನೋಡಿ. ಬಣ್ಣ ಹೋದ ಮೇಲೂ ಯಾವುದು ಕಣ್ಣಿಗೆ ಚುಚ್ಚುತ್ತದೋ ಅದರ ಆಕಾರವೇ ಸರಿಯಿಲ್ಲ, ಅದನ್ನು ಬದಲಾಯಿಸಬೇಕು. ಯಾವುದು ಕಪ್ಪುಬಿಳುಪಿನಲ್ಲಿ ಸುಮ್ನೆ ಬೆರೆತು ಹೋಗುತ್ತದೋ ಅದಕ್ಕೆ ಬಣ್ಣ ಬಳಿದರೆ ಸಾಕು. ನಾನು ಮೂರು ಗಾಡಿಗೆ ಹೀಗೇ ಮಾಡಿದ್ದೇನೆ. ಹತ್ತು ಭಾಗ ಬದಲಾಯಿಸಬೇಕು ಅಂತ ಅಂದುಕೊಂಡಿದ್ದೆ, ಕೊನೆಗೆ ಬದಲಾಯಿಸಿದ್ದು ಎರಡು ಮೂರು ಅಷ್ಟೇ.

ಇನ್ನೊಂದು ವಿಷಯ, ಆರ್‌ಸಿಯಲ್ಲಿ ಬಣ್ಣ ಏನಂತ ಇದೆ? ಅದನ್ನು ನೋಡಿ ಹೇಳಿ.

ಶಿವಮೊಗ್ಗ ಟೂ ಸ್ಟ್ರೋಕ್

ಗುರು, ಪಾರ್ಟ್ಸ್ ಹೇಗೂ ಒಂದಕ್ಕೊಂದು ಸೇರುತ್ತಿಲ್ಲ ಅಲ್ವಾ, ಹಾಗಿದ್ದರೆ ಕೆಫೆ ರೇಸರ್ ಮಾಡಿಬಿಡಿ. ಎರಡೂ ಮಡ್‌ಗಾರ್ಡ್ ತೆಗೆದುಹಾಕಿ, ಹಿಂದಿನ ಫ್ರೇಮ್ ಕತ್ತರಿಸಿ ಒಂದು ಬಾಗಿದ ಪೈಪ್ ವೆಲ್ಡ್ ಮಾಡಿಸಿ, ಒಬ್ಬರೇ ಕೂರೋ ಸೀಟು, ಕೆಳಗೆ ಬಗ್ಗಿದ ಹ್ಯಾಂಡಲ್. ಇರೋ ಭಾಗ ಕಡಿಮೆಯಾದಷ್ಟೂ ಹೊಂದಿಸೋ ಕೆಲಸ ಕಡಿಮೆ. ನನ್ನ ಗೆಳೆಯ 12 ಸಾವಿರದಲ್ಲಿ ಮುಗಿಸಿದ.

ಯಾದವಗಿರಿ

ಇದಕ್ಕೆ ನನ್ನ ವಿರೋಧ ಇದೆ, ತಪ್ಪು ತಿಳಿಯಬೇಡಿ. ಅವರು ದೊಡ್ಡಪ್ಪನನ್ನು ಹಿಂದೆ ಕೂರಿಸಿಕೊಂಡು ಹೋಗಬೇಕು ಅಂದಿದ್ದಾರೆ, ಒಬ್ಬರೇ ಕೂರೋ ಸೀಟು ಹಾಕಿದರೆ ಅವರೆಲ್ಲಿ ಕೂರುತ್ತಾರೆ? ಫ್ರೇಮ್ ಕತ್ತರಿಸೋದು ಕಾನೂನಿಗೂ ಒಪ್ಪೋದಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದನ್ನೇ ಹೇಳುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ ಅಂತ ಹೇಳಿದೆ. 15 ವರ್ಷ ದಾಟಿದ ಗಾಡಿ, ಐದು ವರ್ಷಕ್ಕೊಮ್ಮೆ ಆರ್‌ಟಿಒ ಮುಂದೆ ನಿಲ್ಲಿಸಿ ರಿನ್ಯೂವಲ್ ಮಾಡಿಸಲೇಬೇಕು. ಅವತ್ತು ಬೆಸುಗೆ ಹಾಕಿದ ಫ್ರೇಮ್ ಕಂಡರೆ ಗಾಡಿ ಮನೆಯಲ್ಲೇ ಉಳಿಯುತ್ತದೆ. ಬಣ್ಣ ಇಷ್ಟವಾಗದಿದ್ದರೆ ಮತ್ತೆ ಹೊಡೆಸಬಹುದು. ಕತ್ತರಿಸಿದ ಫ್ರೇಮ್ ಮತ್ತೆ ಮೊದಲಿನಂತೆ ಆಗೋದಿಲ್ಲ.

ಅರಸೀಕೆರೆ ಸವಾರ

ಫ್ರೇಮ್ ಮುಟ್ಟೋದಿಲ್ಲ ಸರ್. ಆರ್‌ಸಿಯಲ್ಲಿ ಕಪ್ಪು ಅಂತ ಇದೆ. ಕೆಂಪು ಬಣ್ಣ ಯಾವಾಗ ಬಂತು ಅಂತ ದೊಡ್ಡಪ್ಪನಿಗೂ ನೆನಪಿಲ್ಲ.

ತೊಳೆದು ಫೋಟೊ ತೆಗೆದೆ. ನೀವು ಹೇಳಿದ್ದು ನಿಜ. ಕಪ್ಪುಬಿಳುಪಿನಲ್ಲಿ ಸೈಡ್ ಬಾಕ್ಸ್ ಎರಡೂ ಸರಿಯಾಗೇ ಇವೆ. ಟ್ಯಾಂಕ್ ಚೆನ್ನಾಗಿದೆ. ಕಣ್ಣಿಗೆ ಹೊಡೆಯೋದು ಮುಂದಿನ ಮಡ್‌ಗಾರ್ಡ್, ಹೆಡ್‌ಲೈಟ್, ಹಾಲಿನ ಕ್ಯಾನಿನ ಆ್ಯಂಗಲ್, ಆಮೇಲೆ ಸೀಟು. ಸೀಟಿನ ಸ್ಪಂಜು ಮಧ್ಯದಲ್ಲಿ ಕುಸಿದು ಗುಂಡಿ ಬಿದ್ದಿದೆ, ಅದರಿಂದ ಇಡೀ ಗಾಡಿಯೇ ಬೆನ್ನು ಮುರಿದಂತೆ ಕಾಣುತ್ತದೆ. ಇಷ್ಟು ದಿನ ಸೀಟಿನ ಕಡೆ ಗಮನವೇ ಹೋಗಿರಲಿಲ್ಲ.

ಸ್ಪ್ರೇ ಗನ್ ದಾವಣಗೆರೆ

ನಾನು ಪೇಂಟಿಂಗ್ ಕೆಲಸದವನು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಗಾಡಿ ಬೇರೆಬೇರೆ ತುಂಡು ಸೇರಿಸಿದ ಹಾಗೆ ಕಾಣೋಕೆ ಪಾರ್ಟ್ಸ್ ಬೇರೆ ಕಂಪನಿಯದು ಅನ್ನೋದೊಂದೇ ಕಾರಣ ಅಲ್ಲ. ಮಿಂಚು ಬೇರೆಬೇರೆ ಇರೋದು ದೊಡ್ಡ ಕಾರಣ. ನೀವೇ ಎಣಿಸಿ ನೋಡಿ, ನಿಮ್ಮ ಗಾಡಿಯಲ್ಲಿ ಕಪ್ಪು ಬಣ್ಣವೇ ನಾಲ್ಕು ಥರ ಇರುತ್ತದೆ. ಫ್ರೇಮಿಗೆ ಒಂದು, ಸೈಡ್ ಬಾಕ್ಸಿಗೆ ಒಂದು, ಸೈಲೆನ್ಸರ್‌ಗೆ ಮಂಕಾದ ಇನ್ನೊಂದು, ಪ್ಲಾಸ್ಟಿಕ್ ಭಾಗಗಳು ಬಿಸಿಲಿಗೆ ಬೂದಿ ತಿರುಗಿದ ಮತ್ತೊಂದು. ಬಿಳಿ ಲೋಹವೂ ಹಾಗೇ. ಕ್ರೋಮ್, ಅಲ್ಯೂಮಿನಿಯಂ, ಸಿಲ್ವರ್ ಪೇಂಟ್, ಬಿಳಿ ಪಾಲಿಶ್ ಬೋಲ್ಟು. ಇದನ್ನು ಒಂದು ಬಣ್ಣ, ಒಂದು ಲೋಹಕ್ಕೆ ಇಳಿಸಿ. ಬಣ್ಣ ಅಂದರೆ ಹೊಳೆಯೋ ಕಪ್ಪು, ಲೋಹ ಅಂದರೆ ಉಜ್ಜಿ ಬೆಳಗಿಸಿದ್ದು. ಸಿಲ್ವರ್ ಪೇಂಟ್ ಡಬ್ಬವನ್ನು ಗಾಡಿಯ ಹತ್ತಿರ ತರಲೇಬೇಡಿ.

ಆರ್‌ಸಿಯಲ್ಲಿ ಕಪ್ಪು ಇರೋದು ನಿಮ್ಮ ಅದೃಷ್ಟ. ಬಣ್ಣ ಬದಲಾವಣೆಗೆ ಅರ್ಜಿ ಕೊಡೋ ಓಡಾಟ ಇಲ್ಲ. ಮೆಟಾಲಿಕ್ ಅಲ್ಲದ ಕಪ್ಪಾದರೆ ಮುಂದೆ ಎಲ್ಲಾದರೂ ಗೀರು ಬಿದ್ದರೆ ಅಷ್ಟು ಜಾಗಕ್ಕೆ ಹೊಡೆದು ಬೆರೆಸಬಹುದು, ಮೆಟಾಲಿಕ್‌ನಲ್ಲಿ ಆ ತೇಪೆ ಎದ್ದು ಕಾಣುತ್ತದೆ. ಆದರೆ ಕಪ್ಪಿನದೊಂದು ಗುಣ ಇದೆ. ಅದು ಕನ್ನಡಿ ಇದ್ದ ಹಾಗೆ. ಕೆಳಗಿನ ತಗಡು ಒಂದಿಷ್ಟು ಅಲೆಅಲೆಯಾಗಿದ್ದರೂ ತೋರಿಸಿಬಿಡುತ್ತದೆ. ಹಾಗಾಗಿ ಹಣ ಹೋಗಬೇಕಾದ್ದು ಬಣ್ಣಕ್ಕಲ್ಲ, ಕೆಳಗಿನ ತಯಾರಿಗೆ. ಟ್ಯಾಂಕನ್ನು ರಾತ್ರಿ ಒದ್ದೆ ಮಾಡಿ ಟ್ಯೂಬ್‌ಲೈಟ್ ಕೆಳಗೆ ಹಿಡಿಯಿರಿ. ಬೆಳಕಿನ ಗೆರೆ ಎಲ್ಲಿ ಡೊಂಕಾಗುತ್ತದೋ ಅಲ್ಲಿ ತಗ್ಗಿದೆ.

ಹಳೇ ಬಣ್ಣದ ಮೇಲೆ ಬಟ್ಟೆಗೆ ಥಿನ್ನರ್ ಹಚ್ಚಿ ಉಜ್ಜಿ. ಕೆಂಪು ಬಟ್ಟೆಗೆ ಅಂಟಿತು ಅಂದರೆ ಅದು ಗಟ್ಟಿ ಬಣ್ಣ ಅಲ್ಲ, ಅದರ ಮೇಲೆ ಪಿಯು (ಪಾಲಿಯುರಿಥೇನ್ ಪೇಂಟ್) ಹೊಡೆದರೆ ಸುಕ್ಕು ಏಳೋ ಸಾಧ್ಯತೆ ಇದೆ. ಪೇಂಟ್ ರಿಮೂವರ್ ಹಾಕಿ ತಗಡಿನವರೆಗೂ ತೆಗೆಯಿರಿ. ರಿಮೂವರ್ ಕೈಗೆ ತಾಗಿದರೆ ಸುಡುತ್ತದೆ, ದಪ್ಪ ರಬ್ಬರ್ ಗ್ಲೌಸ್ ಬೇಕು. ಆಮೇಲೆ ವಾಟರ್ ಪೇಪರ್ ಕೆಲಸವನ್ನು ನೀವೇ ಮಾಡಿ, 120 ನಂಬರಿನ ಒರಟು ಪೇಪರ್‌ನಿಂದ ಶುರುಮಾಡಿ 220, 400 ಅಂತ ನಯದ ಕಡೆಗೆ ಹೋಗಿ. ಇದಕ್ಕೆ ಬೇಕಾದ್ದು ತಾಳ್ಮೆ. ಹುಡುಗರಿಗೆ ಕೂಲಿ ಕೊಟ್ಟು ಮಾಡಿಸಿದರೆ ನಿಮ್ಮ ಬಜೆಟ್‌ನಲ್ಲಿ ಕಾಲು ಭಾಗ ಅಲ್ಲೇ ಹೋಗುತ್ತದೆ. ತಯಾರಾದ ಭಾಗಗಳನ್ನು ಒಟ್ಟಿಗೆ, ಒಂದೇ ದಿನ, ಒಬ್ಬನೇ ಪೇಂಟರ್ ಹತ್ತಿರ ಕೊಡಿ. ಟ್ಯಾಂಕ್ ಇವತ್ತು, ಮಡ್‌ಗಾರ್ಡ್ ಮುಂದಿನ ತಿಂಗಳು ಅಂದರೆ ಮತ್ತೆ ಎರಡು ಕಪ್ಪು ಆಗುತ್ತದೆ. ಪ್ರೈಮರ್, ಬಣ್ಣ, ಮೇಲೆ ಹಾರ್ಡ್‌ನರ್ (ಗಟ್ಟಿ ಮಾಡೋ ದ್ರವ) ಬೆರೆಸಿದ, ಬಣ್ಣವಿಲ್ಲದ ಪಿಯು ಕ್ಲಿಯರ್. ಹಾರ್ಡ್‌ನರ್ ಬೆರೆಸಿದ್ದನ್ನು ಮನೆಯಲ್ಲಿ ಬಟ್ಟೆ ಕಟ್ಟಿಕೊಂಡು ಹೊಡೆಯೋಕೆ ಹೋಗಬೇಡಿ. ಅದರ ಹೊಗೆ ಶ್ವಾಸಕೋಶಕ್ಕೆ ತುಂಬ ಕೆಟ್ಟದು. ನಾನು ಇಷ್ಟು ವರ್ಷದಲ್ಲಿ ಕಲಿತ ಪಾಠ ಇದು.

ಹುಬ್ಬಳ್ಳಿ ಆರ್‌ಎಕ್ಸ್

ಪಿಯು ಬಗ್ಗೆ ಮೇಲಿನ ಅಣ್ಣ ಹೇಳಿದ್ದಕ್ಕೆ ನನ್ನ ಅನುಭವ ಸೇರಿಸುತ್ತೇನೆ. ಮೂರು ವರ್ಷದ ಹಿಂದೆ ನನ್ನ ಆರ್‌ಎಕ್ಸ್ 100 ಟ್ಯಾಂಕಿಗೆ ಡಬ್ಬಿ ಸ್ಪ್ರೇ ಹೊಡೆದಿದ್ದೆ. ನೋಡೋಕೆ ತುಂಬ ಚೆನ್ನಾಗಿ ಬಂತು, ಮನೆಯವರೆಲ್ಲ ಹೊಗಳಿದರು. ಮೂರನೇ ಸಲ ಪೆಟ್ರೋಲ್ ಹಾಕಿಸುವಾಗ ಬಂಕ್ ಹುಡುಗ ಸ್ವಲ್ಪ ಚೆಲ್ಲಿದ. ಒರೆಸಿದರೆ ಬಟ್ಟೆಯ ಜೊತೆ ಬಣ್ಣವೂ ಬಂತು, ಅವತ್ತು ಅತ್ತೇ ಬಿಟ್ಟೆ. ಎಜ್ಡಿಗೆ ಟೂಟಿ ಆಯಿಲ್ (ಟೂ ಸ್ಟ್ರೋಕ್ ಇಂಜಿನ್ ಎಣ್ಣೆ) ಅನ್ನು ಟ್ಯಾಂಕಿಗೇ ಬೆರೆಸಿ ಹಾಕಬೇಕು, ಅಂದರೆ ಮುಚ್ಚಳದ ಸುತ್ತ ಚೆಲ್ಲೋದು ಇನ್ನೂ ಜಾಸ್ತಿ. ಡಬ್ಬಿ ಸ್ಪ್ರೇ ಬೇಕಾದರೆ ಆ್ಯಂಗಲ್, ಬ್ರ್ಯಾಕೆಟ್‌ಗೆ ಬಳಸಿ. ಟ್ಯಾಂಕಿಗೆ ಮಾತ್ರ ಬೇಡ.

ಟ್ಯಾಂಕ್ ಬಣ್ಣಕ್ಕೆ ಕೊಡೋ ಮೊದಲು ಒಳಗಿನ ತುಕ್ಕು ತೆಗೆದುಬಿಡಿ. ಬಣ್ಣ ಆದ ಮೇಲೆ ಮಾಡಿದರೆ ಆ ನೀರು ಹೊರಗೆ ಚೆಲ್ಲಿ ಹೊಸ ಬಣ್ಣ ಹಾಳಾಗುತ್ತದೆ. ನಾನು ಪೆಟ್ರೋಲ್ ಪೂರ್ತಿ ತೆಗೆದು, ತೊಳೆದು, ಬಿಳಿ ವಿನೆಗರ್ ತುಂಬಿಸಿ ಎರಡು ದಿನ ಬಿಟ್ಟೆ, ಒಳಗೆ ಒಂದು ಹಿಡಿ ಹಳೇ ನಟ್ಟು ಹಾಕಿ ಆಗಾಗ ಅಲುಗಾಡಿಸಿದೆ. ಆಮೇಲೆ ಅಡುಗೆ ಸೋಡಾ ನೀರಲ್ಲಿ ತೊಳೆದು, ಬಿಸಿಲಲ್ಲಿ ಪೂರ್ತಿ ಒಣಗಿಸಿ, ತಕ್ಷಣ ಒಳಗೆ ಎಣ್ಣೆ ಓಡಾಡಿಸಬೇಕು. ಒಂದು ರಾತ್ರಿ ಸುಮ್ನೆ ಬಿಟ್ಟರೂ ಮತ್ತೆ ಕೆಂಪಗಾಗುತ್ತದೆ. ನಟ್ಟು ಹಾಕುವಾಗ ಎಣಿಸಿ ಹಾಕಿ, ತೆಗೆಯುವಾಗಲೂ ಎಣಿಸಿ.

ಮಲ್ಪೆ ಗಾಳಿ

ನಾನು ಉಡುಪಿ ಕಡೆಯವನು, ಉಪ್ಪುಗಾಳಿಯಲ್ಲಿ ಗಾಡಿ ಇಟ್ಟುಕೊಂಡವನು, ಕ್ರೋಮ್ ಬಗ್ಗೆ ಹೇಳುತ್ತೇನೆ. ಹೊಸದಾಗಿ ಕ್ರೋಮ್ ಹಾಕಿಸೋಕೆ ಹೋಗಬೇಡಿ, ನಿಮ್ಮ ಬಜೆಟ್‌ಗೆ ಅದು ಸರಿಹೋಗೋದಿಲ್ಲ. ಒಳ್ಳೆ ಕ್ರೋಮ್ ಅಂದರೆ ಕೆಳಗೆ ತಾಮ್ರ, ಅದರ ಮೇಲೆ ನಿಕ್ಕಲ್, ಎಲ್ಲಕ್ಕಿಂತ ಮೇಲೆ ತೆಳುವಾಗಿ ಕ್ರೋಮ್. ಕಡಿಮೆ ದುಡ್ಡಿಗೆ ಮಾಡೋರು ಕೆಳಗಿನ ಪದರಗಳನ್ನು ಹಾಕದೆ ಬಿಟ್ಟುಬಿಡುತ್ತಾರೆ. ನಾನು ಒಂದು ಅಂಗಡಿಗೆ ಹ್ಯಾಂಡಲ್, ರಿಮ್ ಕೊಟ್ಟಿದ್ದೆ, ತಂದ ದಿನ ಕನ್ನಡಿ ಥರ ಇತ್ತು, ಒಂದು ಮಳೆಗಾಲ ಕಳೆಯೋ ಹೊತ್ತಿಗೆ ಸಿಪ್ಪೆ ಸುಲಿದಂತೆ ಎದ್ದಿತು. ಹೋಗಿ ಕೇಳಿದರೆ ಉಪ್ಪುಗಾಳಿಗೆ ಹಾಗೇ ಅಂದರು.

ಇರೋ ಕ್ರೋಮನ್ನೇ ಉಳಿಸಿಕೊಳ್ಳಿ. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಚೂರನ್ನು ನೀರಲ್ಲಿ ಅದ್ದಿ ತುಕ್ಕಿನ ಚುಕ್ಕಿಗಳ ಮೇಲೆ ಉಜ್ಜಿ. ಅಲ್ಯೂಮಿನಿಯಂ ಕ್ರೋಮ್‌ಗಿಂತ ಮೃದು, ಹಾಗಾಗಿ ಗೀರು ಬೀಳೋದಿಲ್ಲ, ತುಕ್ಕು ಕಪ್ಪು ಕೆಸರಾಗಿ ಬಿಡುತ್ತದೆ. ಒರೆಸಿ ಮೇಣ ಹಚ್ಚಿ. ಕ್ರೋಮೇ ಎದ್ದು ಹೋಗಿರೋ ಕಡೆ ಯಾವ ಉಜ್ಜಾಟವೂ ಕೆಲಸ ಮಾಡೋದಿಲ್ಲ, ಅಂಥ ಭಾಗವನ್ನು ಕಪ್ಪು ಮಾಡಿಬಿಡಿ.

ಇಂಜಿನ್ ಕವರ್‌ಗಳನ್ನು ಬಿಚ್ಚಿ ಪಾತ್ರೆಗೆ ಬಫಿಂಗ್ ಮಾಡೋ ಅಂಗಡಿಗೆ ಒಯ್ಯಿರಿ, ಕಡಿಮೆ ದುಡ್ಡಿಗೆ ಆಗುತ್ತದೆ. ಒಂದೇ ಎಚ್ಚರ, ಅಕ್ಷರ ಇರೋ ಕಡೆ ಮೆತ್ತಗೆ ಹಿಡಿಯೋಕೆ ಹೇಳಿ, ಇಲ್ಲದಿದ್ದರೆ ಅಂಚು ಸವೆದು ಹೋಗುತ್ತದೆ. ಸೈಲೆನ್ಸರ್ ಒಳಗಿನ ಕರಿ ತೆಗೆಯೋಕೆ ಕಾಸ್ಟಿಕ್ ಸೋಡಾ ಬಳಸುತ್ತಾರೆ, ಅದು ಅಲ್ಯೂಮಿನಿಯಂ ಅನ್ನು ತಿಂದುಹಾಕುತ್ತದೆ. ಇಂಜಿನ್ ಕವರ್ ಇರೋ ಜಾಗದ ಹತ್ತಿರಕ್ಕೂ ಅದನ್ನು ತರಬೇಡಿ.

ಅರಸೀಕೆರೆ ಸವಾರ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಎರಡು ವಾರದ ವರದಿ. ಆ್ಯಂಗಲ್ ಕತ್ತರಿಸಿ ತೆಗೆಸಿದೆ. ದೊಡ್ಡಪ್ಪ ಸುಮ್ನೆ ನಿಂತು ನೋಡುತ್ತಿದ್ದರು, ಆಮೇಲೆ ಆ ತುಂಡುಗಳನ್ನು ಒರೆಸಿ ಕೊಟ್ಟಿಗೆಯ ಅಟ್ಟದಲ್ಲಿ ಇಟ್ಟರು. ಹಾಸನದ ಗುಜರಿಯಲ್ಲಿ ಎಜ್ಡಿಯದೇ ಮುಂದಿನ ಮಡ್‌ಗಾರ್ಡ್ 900ಕ್ಕೆ ಸಿಕ್ಕಿತು, ತುದಿ ಸೊಟ್ಟಗಿತ್ತು, ಟಿಂಕರ್ ಸರಿಮಾಡಿದರು. ಅದನ್ನು ಕೂರಿಸಿ ನೋಡಿದೆ, ಇನ್ನೂ ಬಣ್ಣ ಹೊಡೆಯದಿದ್ದರೂ ಮುಖವೇ ಬದಲಾಗಿದೆ.

ಎರಡು ಪ್ರಶ್ನೆ. ಸೈಲೆನ್ಸರ್ ಉದ್ದದ್ದನ್ನು ಕತ್ತರಿಸಿ ಎರಡನ್ನೂ ಸಮ ಮಾಡಿಸಲಾ? ಫ್ರೇಮ್‌ಗೆ ಪೌಡರ್ ಕೋಟಿಂಗ್ ಮಾಡಿಸೋದು ಒಳ್ಳೆಯದಾ?

ಯಾದವಗಿರಿ

ಸೈಲೆನ್ಸರ್ ಕತ್ತರಿಸಬೇಡಿ. ಟೂ ಸ್ಟ್ರೋಕ್‌ನಲ್ಲಿ ಸೈಲೆನ್ಸರ್ ಬರೀ ಸದ್ದು ಕಡಿಮೆ ಮಾಡೋಕೆ ಇರೋದಲ್ಲ. ಅದರ ಉದ್ದ, ಒಳಗಿನ ಜಾಗ ಬದಲಾದರೆ ಇಂಜಿನ್ ಎಳೆತವೂ ಬದಲಾಗುತ್ತದೆ. ಒಂದೇ ಸಿಲಿಂಡರ್‌ಗೆ ಎರಡು ಕಡೆ ಪೈಪ್ ಇರೋ ಗಾಡಿ ಇದು, ಎರಡೂ ಒಂದೇ ಥರ ಉಸಿರಾಡಬೇಕು. ಸದ್ಯಕ್ಕೆ ಕ್ಲಾಂಪ್ ಸಡಿಲಿಸಿ ಗಿಡ್ಡದ್ದನ್ನು ಆದಷ್ಟು ಹಿಂದಕ್ಕೆ, ಉದ್ದದ್ದನ್ನು ಮುಂದಕ್ಕೆ ತಳ್ಳಿ ಬಿಗಿಯಿರಿ. ಅರ್ಧ ಬೆರಳಾದರೂ ಸಿಗುತ್ತದೆ. ಎರಡಕ್ಕೂ ಬಿಸಿ ತಡೆಯೋ ಕಪ್ಪು ಬಣ್ಣ ಹಚ್ಚಿ. ಬಣ್ಣ ಒಣಗಿದ ಮೇಲೆ ಇಂಜಿನ್ ಐದು ನಿಮಿಷ ಓಡಿಸಿ ಆರಿಸಿ, ಮತ್ತೆ ಹತ್ತು ನಿಮಿಷ ಓಡಿಸಿ ಆರಿಸಿ. ಬಿಸಿಯಲ್ಲೇ ಅದು ಗಟ್ಟಿಯಾಗೋದು. ಒಳ್ಳೆ ಜೋಡಿ ಸಿಕ್ಕಿದಾಗ ಬದಲಾಯಿಸಿದರಾಯಿತು. ಎಡಗಡೆ ಕ್ರೋಮ್ ಮೇಲೆ ಬಣ್ಣ ಹಚ್ಚೋಕೆ ನನಗೂ ಮನಸ್ಸಿಲ್ಲ, ಆದರೆ ಎರಡು ಬೇರೆಬೇರೆ ಸೈಲೆನ್ಸರ್ ಹಿಂದಿನಿಂದ ನೋಡಿದಾಗ ಮಿಕ್ಕ ಎಲ್ಲ ಕೆಲಸವನ್ನೂ ಹಾಳು ಮಾಡುತ್ತದೆ.

ಪೌಡರ್ ಕೋಟಿಂಗ್‌ಗೆ ಇಡೀ ಗಾಡಿ ಬಿಚ್ಚಬೇಕು. ಬೇಯಿಸೋದು 180ರಿಂದ 200 ಡಿಗ್ರಿಯಲ್ಲಿ, ರಬ್ಬರ್, ಬೇರಿಂಗ್ ಒಂದೂ ಇರಬಾರದು. ಬಿಚ್ಚಿದ ಮೇಲೆ ವೈರಿಂಗ್, ಬುಷ್, ಕಪ್ ಸೆಟ್ ಅಂತ ಒಂದೊಂದೇ ಖರ್ಚು ಹುಟ್ಟುತ್ತದೆ, 15 ಸಾವಿರ ಅಲ್ಲಿಗೇ ಮುಗಿಯುತ್ತದೆ. ಕಣ್ಣಿಗೆ ಕಾಣೋ ಜಾಗ ಮಾತ್ರ ಉಜ್ಜಿ, ಪ್ರೈಮರ್ ಹಚ್ಚಿ, ಕಪ್ಪು ಮಾಡಿ. ಷಾಸಿ ನಂಬರ್ ಇರೋ ಜಾಗಕ್ಕೆ ಟೇಪ್ ಹಾಕಿ ಬಿಡಿ. ಅಲ್ಲಿ ದಪ್ಪ ಬಣ್ಣ ಕೂತರೆ ನಾಳೆ ರಿನ್ಯೂವಲ್‌ಗೆ ಪೆನ್ಸಿಲ್ ಪ್ರಿಂಟ್ (ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ತೆಗೆಯೋ ಅಚ್ಚು) ಬರೋದಿಲ್ಲ, ಆಗ ಕೆರೆಯೋಕೆ ಹೋದರೆ ನಂಬರ್ ತಿದ್ದಿದ್ದಾರೆ ಅನ್ನೋ ಅನುಮಾನ ಬೇರೆ.

ಸ್ಪ್ರೇ ಗನ್ ದಾವಣಗೆರೆ

ಒಂದು ಸೇರಿಸುತ್ತೇನೆ. ಮಡ್‌ಗಾರ್ಡ್‌ಗೂ ಟೈರ್‌ಗೂ ಮಧ್ಯದ ಸಂದು ಮುಂದಿನಿಂದ ಹಿಂದಿನವರೆಗೂ ಒಂದೇ ಇರಲಿ, ಸ್ಟೇ (ಮಡ್‌ಗಾರ್ಡ್ ಹಿಡಿದಿರೋ ಕಂಬಿ) ತೂತನ್ನು ಸ್ವಲ್ಪ ಉದ್ದ ಮಾಡಿಸಿ ಹೊಂದಿಸಿ. ಹೆಡ್‌ಲೈಟ್, ಇಂಡಿಕೇಟರ್, ಹ್ಯಾಂಡಲ್ ಎದುರಿನಿಂದ ನೋಡಿದರೆ ನೆಲಕ್ಕೆ ಸಮ ಇರಲಿ. ಇದಕ್ಕೆ ದುಡ್ಡು ಬೇಡ, ಸ್ಪ್ಯಾನರ್ ಸಾಕು. ಎಷ್ಟೋ ಗಾಡಿ ಹೊಸ ಬಣ್ಣ ಹೊಡೆಸಿಯೂ ಸೊಟ್ಟ ಕಾಣೋದು ಇದರಿಂದಲೇ.

ಬಣ್ಣ ಆದ ಮೇಲೆ ಟ್ಯಾಂಕ್, ಸೈಡ್ ಬಾಕ್ಸ್, ಎರಡೂ ಮಡ್‌ಗಾರ್ಡ್ ಮೇಲೆ ಕೆನೆ ಬಣ್ಣದ ಒಂದೇ ದಪ್ಪದ ತೆಳು ಗೆರೆ ಎಳೆಸಿ. ಲಾರಿಗೆ ಬರೆಯೋ ಪೇಂಟರ್ ಯಾರಾದರೂ ಸಿಕ್ಕರೆ ಅವರ ಕೈಯಿಂದ ಎಳೆಸಿ, ಅವರ ಬ್ರಷ್‌ನ ಗೆರೆಗೆ ಸ್ಟಿಕ್ಕರ್ ಸಮ ಆಗೋದಿಲ್ಲ. ನಾಲ್ಕು ಕಡೆಯ ತಗಡನ್ನು ಒಂದು ಮನೆಯದು ಅನ್ನಿಸೋದು ಆ ಗೆರೆಯೇ. ಗೆರೆ ಎಳೆದ ಮೇಲೆ ಪಿಯು ಕ್ಲಿಯರ್ ಬರಬೇಕು, ಪೇಂಟರ್‌ಗೆ ಮೊದಲೇ ಹೇಳಿಡಿ.

ಹುಬ್ಬಳ್ಳಿ ಆರ್‌ಎಕ್ಸ್

ಸೀಟಿಗೆ ಬರೀ ರೆಕ್ಸಿನ್ ಬದಲಾಯಿಸಬೇಡಿ, ಸ್ಪಂಜು ತುಂಬಿಸಿ ಮೇಲ್ಭಾಗ ನೇರ ಮಾಡಿಸಿ. ಹೊಳೆಯೋ ರೆಕ್ಸಿನ್ ಬೇಡ, ಮಂಕು ಕಪ್ಪು ತಗೊಳ್ಳಿ, ಅಂಚಿಗೆ ಅದೇ ಬಣ್ಣದ ಬೀಡಿಂಗ್. ಹಿಡಿಕೆ ರಬ್ಬರ್, ಫುಟ್‌ರೆಸ್ಟ್ ರಬ್ಬರ್ ಎಲ್ಲ ಒಟ್ಟಿಗೆ ಬದಲಾಯಿಸಿ. ಚಿಕ್ಕ ವಿಷಯ ಅನ್ನಿಸುತ್ತದೆ, ಆದರೆ ಗಾಡಿ ಹತ್ತಿರ ಬಂದವರ ಕಣ್ಣು ಮೊದಲು ಹೋಗೋದು ಕೈ ಕಾಲು ತಾಗೋ ಜಾಗಕ್ಕೇ.

ಶಿವಮೊಗ್ಗ ಟೂ ಸ್ಟ್ರೋಕ್

ಮೊದಲು ನಾನು ಹೇಳಿದ್ದನ್ನು ಬಿಡಿ, ಈ ದಾರಿಯೇ ಸರಿ. ಬೋಲ್ಟುಗಳ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ಕಾಣೋ ಜಾಗದ ಬೋಲ್ಟು, ನಟ್ಟು, ವಾಷರ್ ಎಲ್ಲ ಒಂದೇ ಥರ ಹಾಕಿ. ಉದ್ದ ಸರಿಯಾಗಿರಲಿ, ನಟ್ಟಿನಿಂದ ಒಂದೆರಡು ಸುತ್ತಷ್ಟೇ ಹೊರಗೆ ಕಾಣಲಿ. ಮುನ್ನೂರು ನಾನೂರು ರೂಪಾಯಲ್ಲಿ ಮುಗಿಯುತ್ತದೆ.

ಅರಸೀಕೆರೆ ಸವಾರ

ಕೆಲಸ ಮುಗಿಯಿತು. ಲೆಕ್ಕ ಮೊದಲು ಹೇಳುತ್ತೇನೆ, ನನ್ನ ಹಾಗೆ ಹುಡುಕಿಕೊಂಡು ಬರೋರಿಗೆ ಬೇಕಾಗುತ್ತದೆ. ಟ್ಯಾಂಕ್, ಸೈಡ್ ಬಾಕ್ಸ್, ಎರಡು ಮಡ್‌ಗಾರ್ಡ್ ಪೇಂಟಿಗೆ ಗೆರೆಯೂ ಸೇರಿ 5,800. ರಿಮೂವರ್‌ನಿಂದ ಹಿಡಿದು 400ರ ಪೇಪರ್‌ವರೆಗೆ ನಾನೇ ಉಜ್ಜಿದ್ದಕ್ಕೆ ಅವರು ಇಷ್ಟಕ್ಕೆ ಒಪ್ಪಿದರು. ಗುಜರಿ ಮಡ್‌ಗಾರ್ಡ್ 900, ಟಿಂಕರ್ ಮತ್ತು ವೆಲ್ಡಿಂಗ್ 600, ಹೆಡ್‌ಲೈಟ್ ಡೂಮ್ 650, ಸೀಟು 1,400. ಇಂಜಿನ್ ಕವರ್ ಬಫಿಂಗ್ 900. ಸ್ಪೋಕ್ ಬಿಗಿದು ರಿಮ್ ಬೆಂಡ್ ತೆಗೆದದ್ದು 1,200. ಇಂಡಿಕೇಟರ್ 480, ರಬ್ಬರ್‌ಗಳು 520, ಬೋಲ್ಟು 350. ಡೀಸೆಲ್, ಪೇಪರ್, ಪಾಲಿಶ್, ಬಿಸಿ ತಡೆಯೋ ಬಣ್ಣ ಎಲ್ಲ ಸೇರಿ 1,100. ಒಟ್ಟು 13,900.

ಪೇಂಟ್ ತೆಗೆಯುವಾಗ ಕೆಂಪಿನ ಕೆಳಗೆ ನೀಲಿ, ನೀಲಿಯ ಕೆಳಗೆ ಕಪ್ಪು ಸಿಕ್ಕಿತು. ಆ ಕಪ್ಪನ್ನು ದೊಡ್ಡಪ್ಪನಿಗೆ ತೋರಿಸಿದೆ, ಷೋರೂಮಿನಿಂದ ತಂದ ದಿನದ ಬಣ್ಣ ಇದೇ ಅಂದರು. ಟ್ಯಾಂಕಿನ ಅಡಿಯಲ್ಲಿ, ಕಾಣದ ಜಾಗದಲ್ಲಿ, ಬೆರಳಗಲ ಹಾಗೇ ಬಿಟ್ಟಿದ್ದೇನೆ.

ನಿನ್ನೆ ಸಂಜೆ ಎಲ್ಲ ಜೋಡಿಸಿ ಅಂಗಳದಲ್ಲಿ ನಿಲ್ಲಿಸಿದೆ. ಹತ್ತಿರದಿಂದ ನೋಡಿದರೆ ತಪ್ಪುಗಳಿವೆ. ಎಡ ಸೈಡ್ ಬಾಕ್ಸ್ ಅಂಚಿನಲ್ಲಿ ಅಲೆ ಉಳಿದಿದೆ, ನಾನು ಸರಿಯಾಗಿ ಉಜ್ಜಿಲ್ಲ. ಹಿಂದಿನ ರಿಮ್‌ನಲ್ಲಿ ಕ್ರೋಮ್ ಎದ್ದ ಕಡೆ ಚುಕ್ಕಿ ಇದೆ. ಆದರೆ ಹತ್ತು ಹೆಜ್ಜೆ ಹಿಂದೆ ಬಂದು ನೋಡಿದರೆ ಒಂದೇ ಗಾಡಿ. ದೊಡ್ಡಪ್ಪ ಎರಡು ಸುತ್ತು ಬಂದರು, ಗೆರೆಯ ಮೇಲೆ ಬೆರಳಾಡಿಸಿದರು, ಪೆಟ್ರೋಲ್ ಇದೆಯಾ ಅಂತ ಕೇಳಿದರು. ಕಿಕ್ ಹೊಡೆದು, ಅದೇ ಲಿವರ್ ಮುಂದಕ್ಕೆ ತಿರುಗಿಸಿ ಗೇರ್ ಹಾಕಿ, ಡೇರಿಯವರೆಗೂ ಒಬ್ಬರೇ ಹೋಗಿಬಂದರು. ಹತ್ತು ವರ್ಷದಿಂದ ಗಾಡಿ ಮುಟ್ಟಿರಲಿಲ್ಲ ಅವರು.

ಉಳಿದಿರೋದು 1,100 ರೂಪಾಯಿ, ಜುಲೈಗೆ ಇನ್ನೂ ಮೂರು ವಾರ ಇದೆ. ಯಾರ ಹತ್ತಿರವಾದರೂ ರೋಡ್‌ಕಿಂಗ್‌ನ ಬಲಗಡೆ ಸೈಲೆನ್ಸರ್ ಹಳೆಯದು ಇದ್ದರೆ ಹೇಳಿ. ಕ್ರೋಮ್ ಹೇಗಿದ್ದರೂ ಪರವಾಗಿಲ್ಲ, ಉದ್ದ ಸರಿಯಿದ್ದರೆ ಸಾಕು.

ಯಾದವಗಿರಿ

ಓದಿ ಕಣ್ಣು ತುಂಬಿತು. ನಮ್ಮ ಅಟ್ಟದಲ್ಲಿ ಒಂದು ಇದೆ, ಅಪ್ಪ ಇಟ್ಟದ್ದು. ಬಲಗಡೆಯದೋ ಎಡಗಡೆಯದೋ ಇಳಿಸಿ ನೋಡಬೇಕು. ನಾಳೆ ಬೆಳಿಗ್ಗೆ ಅಳತೆ ಹಾಕಿ ಫೋಟೊ ಕಳಿಸುತ್ತೇನೆ. ದುಡ್ಡು ಬೇಡ, ಮೈಸೂರಿಗೆ ಬಂದಾಗ ಗಾಡಿಯಲ್ಲೇ ಬನ್ನಿ, ದೊಡ್ಡಪ್ಪನನ್ನೂ ಕರೆದುಕೊಂಡು ಬನ್ನಿ.